ನಮಗೆ ತಗುಲದ ರೋಗ

ನಾನಿರುವ ಮಾರೇನಹಳ್ಳಿಯಲ್ಲಿ, ಅಂದರೆ ಜೆ.ಪಿ. ನಗರದ ಪಕ್ಕದ್ದಲ್ಲ, ವಿಜಯನಗರದ ಮಾರೇನಹಳ್ಳಿಯಲ್ಲಿ, ಹಳಬರ ಬಾಯಲ್ಲಿ 'ಹರ್ಪೀಸ್' ಎಂಬ ಮಾತು ಕೇಳುವುದು ಕಡಿಮೆ. ಅವರಿಗೆ ಅದು ಸರ್ಪಸುತ್ತು. ಎದೆಯ ಅಥವಾ ಸೊಂಟದ ಒಂದು ಬದಿಯಲ್ಲಿ ಪಟ್ಟಿಯಂತೆ ಗುಳ್ಳೆಗಳು ಏಳುತ್ತವೆ, ಕೆಂಡ ಇಟ್ಟ ಹಾಗೆ ಉರಿಯುತ್ತವೆ. ಕೆಮ್ಮಣ್ಣು ಹಚ್ಚಿಸಿಕೊಂಡು ಬರುವವರು ಈಗಲೂ ಇದ್ದಾರೆ. ಸರ್ಪದ ತಲೆ ಮತ್ತು ಬಾಲ ಒಂದಕ್ಕೊಂದು ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ನಂಬಿಕೆಯೂ ಇದೆ.

ಈ ಎರಡು ಹೆಸರುಗಳು ನಾವು ಅಂದುಕೊಂಡಷ್ಟು ದೂರದವಲ್ಲ. 'ಹರ್ಪೀಸ್' ಹುಟ್ಟಿದ್ದು ತೆವಳು ಎಂಬ ಅರ್ಥದ ಗ್ರೀಕ್ ಕ್ರಿಯಾಪದದಿಂದ. ಸಂಸ್ಕೃತದ 'ಸರ್ಪ' ಕೂಡ ಅದೇ ಮೂಲದ ಪದ. 'ಜೋಸ್ಟರ್' ಎಂದರೆ ನಡುಪಟ್ಟಿ. ಹರ್ಪೀಸ್ ಜೋಸ್ಟರ್ ಎಂದರೂ ಸರ್ಪಸುತ್ತು ಎಂದರೂ ಹೆಚ್ಚುಕಡಿಮೆ ಒಂದೇ ಚಿತ್ರ. ತಲೆ-ಬಾಲದ ನಂಬಿಕೆಯಲ್ಲೂ ಒಂದು ಎಳೆ ನಿಜವಿದೆ. ಈ ವೈರಸ್ ಒಂದು ನರದ ಹಾದಿಯಲ್ಲಿ ಇಳಿದು ಬರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ದೇಹದ ನಡುಗೆರೆಯನ್ನು ದಾಟುವುದಿಲ್ಲ. ಅವು ಆ ಮಿತಿಯನ್ನು ಮೀರಿ ಮೈಯೆಲ್ಲ ಹರಡುವುದು ಹೆಚ್ಚಾಗಿ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ. ಅಂಥವರಿಗೆ ಈ ರೋಗ ನಿಜಕ್ಕೂ ಪ್ರಾಣಾಪಾಯ.

ನಾನು ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು, ವೈದ್ಯಳಲ್ಲ. ಆದರೆ ಇಂಥವರ ಮೈಯಲ್ಲಿ ಹರ್ಪೀಸ್ ಬಳಗದ ವೈರಸ್‌ಗಳು ಔಷಧಕ್ಕೆ ಬಗ್ಗದೆ ನಿಲ್ಲುವ ಸಂಗತಿ ಒಂದು ನೈತಿಕ ಪ್ರಶ್ನೆಯನ್ನು ಎತ್ತುತ್ತದೆ. ಆ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ ಎಂಬುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಂಗತಿ. ಮನುಷ್ಯರಲ್ಲಿ ನೆಲೆಸುವ ಹರ್ಪೀಸ್ ವೈರಸ್‌ಗಳು 9. ತುಟಿಯ ಮೇಲೆ ಹುಣ್ಣು ಎಬ್ಬಿಸುವುದು ಒಂದು. ಚಿಕ್ಕಂದಿನಲ್ಲಿ 'ಅಮ್ಮ' ಎಂದು ಬಂದು ದಶಕಗಳ ನಂತರ ಸರ್ಪಸುತ್ತಾಗಿ ಮರಳುವುದು ಇನ್ನೊಂದು. ಹೆಸರೇ ಕೇಳಿರದ, ಆದರೆ ನಮ್ಮ ದೇಶದ ವಯಸ್ಕರಲ್ಲಿ ಬಹುತೇಕ ಎಲ್ಲರೊಳಗೂ ಇರುವ ಸೈಟೋಮೆಗಾಲೋವೈರಸ್ ಮತ್ತೊಂದು. ಮೊದಲ ಬಗೆಯ ಹರ್ಪೀಸ್ ಸಿಂಪ್ಲೆಕ್ಸ್ ಒಂದೇ ಜಗತ್ತಿನ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವು ಒಮ್ಮೆ ಒಳಹೊಕ್ಕರೆ ಹೊರಹೋಗುವುದಿಲ್ಲ. ನರಗಳಲ್ಲೋ ರಕ್ತಕಣಗಳಲ್ಲೋ ಅಡಗಿ ಕೂರುತ್ತವೆ. ದೇಹ ಅವುಗಳ ಮೇಲೆ ಸದಾ ಒಂದು ಕಣ್ಣಿಟ್ಟಿರುತ್ತದೆ. ಆ ಕಾವಲು ನಡೆಯುತ್ತಿದೆ ಎಂಬುದು ನಮ್ಮ ಅರಿವಿಗೂ ಬರುವುದಿಲ್ಲ.

ಕಾವಲು ಸಡಿಲವಾದಾಗ ನೆರವಿಗೆ ಬರುವ ಔಷಧಗಳಲ್ಲಿ ಮುಖ್ಯವಾದದ್ದು ಅಸೈಕ್ಲೋವಿರ್. ಇದರ ಹಿಂದಿನ ಸಂಶೋಧಕರಲ್ಲಿ ಗರ್ಟ್ರೂಡ್ ಎಲಿಯನ್ ಪ್ರಮುಖರು. 1988ರಲ್ಲಿ ನೊಬೆಲ್ ಪಡೆದ ಈಕೆ ಪಿಎಚ್.ಡಿ. ಪೂರೈಸಿರಲಿಲ್ಲ ಎಂಬುದು ನನ್ನಂಥವರು ಆಗಾಗ ನೆನೆಯಬೇಕಾದ ವಿಷಯ. ಔಷಧದ ಉಪಾಯ ಚಂದದ್ದು. ಅದು ದೇಹದೊಳಗೆ ಹೋಗುವಾಗ ನಿಷ್ಕ್ರಿಯ. ವೈರಸ್ ತನ್ನ ಕೆಲಸಕ್ಕೆಂದು ತಯಾರಿಸಿಕೊಳ್ಳುವ ಥೈಮಿಡಿನ್ ಕೈನೇಸ್ ಎಂಬ ಕಿಣ್ವ ಅದಕ್ಕೆ ಮೊದಲ ಚಾಲನೆ ಕೊಡುತ್ತದೆ. ಹಾಗೆ ಎಚ್ಚೆತ್ತ ಔಷಧ ವೈರಸ್ಸಿನ ಡಿಎನ್ಎ ನಕಲಾಗುವುದನ್ನೇ ನಿಲ್ಲಿಸುತ್ತದೆ. ವೈರಸ್ ಇಲ್ಲದ ಜೀವಕೋಶದಲ್ಲಿ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಕಳ್ಳನ ಕೈಯಿಂದಲೇ ಬೀಗ ಹಾಕಿಸಿದ ಹಾಗೆ.

ವೈರಸ್ ಇದರಿಂದ ತಪ್ಪಿಸಿಕೊಳ್ಳುವ ದಾರಿಯೂ ಅಲ್ಲೇ ಇದೆ. ಆ ಕಿಣ್ವವನ್ನು ಕಳೆದುಕೊಂಡ ಅಥವಾ ಬದಲಿಸಿಕೊಂಡ ವೈರಸ್‌ಗೆ ಅಸೈಕ್ಲೋವಿರ್ ತಾಗುವುದಿಲ್ಲ. ಅಮೆರಿಕದಲ್ಲಿ ಔಷಧಕ್ಕೆ ಮೊದಲ ಅನುಮತಿ ಸಿಕ್ಕ 1982ರಲ್ಲೇ ಇಂಥ ಪ್ರತಿರೋಧದ ವರದಿಗಳೂ ಬಂದವು, ಅದೂ ರೋಗನಿರೋಧಕ ಶಕ್ತಿ ಕುಂದಿದವರಿಂದ. ಆರೋಗ್ಯವಂತರಲ್ಲಿ ಪ್ರತಿರೋಧ ಕಾಣುವುದು 100ಕ್ಕೆ 1ಕ್ಕಿಂತ ಕಡಿಮೆ. ನಿರೋಧಕ ಶಕ್ತಿ ಕುಂದಿದವರಲ್ಲಿ 100ಕ್ಕೆ ಸುಮಾರು 5. ಅಸ್ಥಿಮಜ್ಜೆ ಕಸಿಯಾದವರಲ್ಲಿ ಇನ್ನೂ ಹೆಚ್ಚು.

ಒಂದೇ ವೈರಸ್, ಒಂದೇ ಮಾತ್ರೆ. ಆದರೂ ಇಷ್ಟು ಅಂತರ ಏಕೆ? ಮಾತ್ರೆ ಪೂರ್ತಿ ಕೆಲಸ ಮಾಡುವುದಿಲ್ಲ ಎಂಬುದೇ ಉತ್ತರ. ಅದು ವೈರಸ್ ಹೆಚ್ಚುವುದನ್ನು ತಡೆಹಿಡಿಯುತ್ತದೆ, ಅಷ್ಟೆ. ಉಳಿದದ್ದನ್ನು ಹುಡುಕಿ ತೆಗೆಯುವುದು ದೇಹದ ಸ್ವಂತ ಪಡೆ. ನನಗೂ ನಿಮಗೂ ತುಟಿಯ ಹುಣ್ಣು ಐದಾರು ದಿನಕ್ಕೆ ಮಾಯುವಾಗ ಆ ಎರಡನೆಯ ಅರ್ಧ ಕೆಲಸ ನಮಗೆ ಗೊತ್ತಿಲ್ಲದೆ ನಡೆದಿರುತ್ತದೆ. ಆ ಅರ್ಧ ಇಲ್ಲದವರಲ್ಲಿ ಔಷಧ ಒಂಟಿಯಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಹೋರಾಡಬೇಕು. ಅಷ್ಟು ದಿನ ವೈರಸ್ ನಕಲಾಗುತ್ತಲೇ ಇದ್ದರೆ, ಔಷಧಕ್ಕೆ ಬಗ್ಗದ ಒಂದು ನಕಲು ಎಂದಾದರೂ ಹುಟ್ಟುತ್ತದೆ, ಹುಟ್ಟಿದ್ದು ಉಳಿಯುತ್ತದೆ.

ಆಗ ಬೇರೆ ಔಷಧಗಳಿವೆ. ಫಾಸ್ಕಾರ್ನೆಟ್‌ಗೆ ಆ ಕಿಣ್ವದ ಹಂಗಿಲ್ಲ. ಆದರೆ ಅದನ್ನು ರಕ್ತನಾಳದ ಮೂಲಕ ಕೊಡಬೇಕು, ರೋಗಿಯ ಮೇಲೆ ನಿಗಾ ಇಡಬೇಕು, ಮೇಲಾಗಿ ಅದು ಕಿಡ್ನಿಗೆ ಪೆಟ್ಟು ಕೊಡುವ ಔಷಧ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಅದನ್ನು ಕೊಡುವುದು ಎಂದರೇನು ಎಂದು ಯೋಚಿಸಿ.

ನಾನು ಬಾಡಿಗೆಗಿರುವ ಮನೆಯ ಓನರ್ ಆಂಟಿ ತಮ್ಮನಿಗೆ ಒಂದು ಕಿಡ್ನಿ ಕೊಟ್ಟವರು. ಕಸಿಯಾಗಿ ಐದಾರು ತಿಂಗಳಿಗೆ ಅಂಕಲ್‌ಗೆ ಜ್ವರ, ಸುಸ್ತು, ಭೇದಿ ಹತ್ತಿಕೊಂಡಿತು. ಪರೀಕ್ಷೆಯಲ್ಲಿ ಸೈಟೋಮೆಗಾಲೋವೈರಸ್ ಎಂದು ಗೊತ್ತಾಯಿತು. ಅದಕ್ಕೆ ಕೊಡುವ ಗ್ಯಾನ್ಸಿಕ್ಲೋವಿರ್ ಕೂಡ ವೈರಸ್ಸಿನದೇ ಒಂದು ಕಿಣ್ವವನ್ನು ನೆಚ್ಚಿಕೊಂಡ ಔಷಧ. ವಾರಗಳು ಕಳೆದರೂ ರಕ್ತದಲ್ಲಿ ವೈರಸ್ಸಿನ ಎಣಿಕೆ ಇಳಿಯಲಿಲ್ಲ. ಪ್ರತಿರೋಧ ಇರಬಹುದೆಂದು ಜೀನ್ ಪರೀಕ್ಷೆಗೆ ಕಳಿಸಿದರು. ಅಷ್ಟರಲ್ಲಿ ಡಾಕ್ಟರು ಇನ್ನೊಂದು ತೀರ್ಮಾನ ಮಾಡಬೇಕಾಗಿತ್ತು. ಕಸಿ ಮಾಡಿದ ಅಂಗವನ್ನು ದೇಹ ಹೊರಗಿನದೆಂದು ಗುರುತಿಸಿ ಹಾಳುಮಾಡದಿರಲಿ ಎಂದು ನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಕೊಡುತ್ತಾರೆ. ಆ ಮಾತ್ರೆಯನ್ನು ಕಡಿಮೆ ಮಾಡಿದರೆ ದೇಹ ವೈರಸ್ಸಿನ ಮೇಲೆ ಎದ್ದು ನಿಲ್ಲುತ್ತದೆ. ಆದರೆ ಅದೇ ಕೈ ಅಕ್ಕ ಕೊಟ್ಟ ಕಿಡ್ನಿಯ ಮೇಲೂ ಏಳಬಹುದು.

ಆಗ ಆಂಟಿ ಅಂದದ್ದು: "ಅದು ಕೊಟ್ಟಾಯ್ತಲ್ಲಮ್ಮ, ಈಗ ಅವಂದು. ಕಿಡ್ನಿ ಉಳಿಸಕ್ಕೆ ಹೋಗಿ ಅವನನ್ನೇ ಕಳ್ಕೊಂಡ್ರೆ ನಾನು ಕೊಟ್ಟಿದ್ದು ಯಾತಕ್ಕೆ?" ಮಾತ್ರೆ ಕಡಿಮೆ ಮಾಡಿದರು, ಔಷಧದ ಪ್ರಮಾಣ ಹೆಚ್ಚಿಸಿದರು. ಎಣಿಕೆ ನಿಧಾನವಾಗಿ ಇಳಿಯಿತು. ಕಿಡ್ನಿ ಇವತ್ತಿನವರೆಗೆ ಉಳಿದಿದೆ. ಎಲ್ಲರ ಪಾಲಿಗೂ ಹೀಗಾಗುವುದಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ಔಷಧ ಪ್ರತಿರೋಧ ಎಂದ ಕೂಡಲೇ ನಮಗೆ ನೆನಪಾಗುವುದು ಆ್ಯಂಟಿಬಯೋಟಿಕ್. 2019ರಲ್ಲಿ ಬ್ಯಾಕ್ಟೀರಿಯಾಗಳ ಔಷಧ ಪ್ರತಿರೋಧವೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜಿದೆ. ಅಲ್ಲಿ ನೈತಿಕ ವಾದ ಸಲೀಸು. ಒಬ್ಬರ ಮೈಯಲ್ಲಿ ಹುಟ್ಟಿದ ಪ್ರತಿರೋಧ ಇನ್ನೊಬ್ಬರಿಗೆ ಹಬ್ಬುತ್ತದೆ, ಚರಂಡಿಯಲ್ಲಿ, ಕೋಳಿ ಫಾರಮ್ಮಿನಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಬೆಳೆಯುತ್ತದೆ. ಅವರ ಕಷ್ಟ ನಾಳೆ ನಮ್ಮದಾಗಬಹುದು, ಆದ್ದರಿಂದ ಇವತ್ತೇ ಎಚ್ಚರವಾಗೋಣ. ಊರಿನ ಕೆರೆಗೆ ವಿಷ ಬೆರೆಸಬೇಡಿ ಎನ್ನುವ ಹಾಗೆ.

ನಮ್ಮ ಊರು ಇದನ್ನು ಬಲ್ಲದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಊರಿನ ಸ್ವರೂಪವೇ ಬದಲಾಯಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದವು, ಅಗಲವಾದ ರಸ್ತೆಗಳು ಬಂದವು. ಅಪಾಯ ಎಲ್ಲರದಾದಾಗ ಊರು ಎದ್ದು ನಿಲ್ಲುತ್ತದೆ.

ಹರ್ಪೀಸ್ ಪ್ರತಿರೋಧದ ಕಥೆ ಹಾಗಿಲ್ಲ. ಕಿಣ್ವವನ್ನು ಕಳೆದುಕೊಂಡ ವೈರಸ್ ಔಷಧದಿಂದ ಬಚಾವಾದರೂ ಬೇರೆ ವಿಷಯದಲ್ಲಿ ಬಡವಾಗುತ್ತದೆ. ನರದಲ್ಲಿ ಅಡಗಿ ಮತ್ತೆ ಏಳುವ ಅದರ ಸಾಮರ್ಥ್ಯ ಕುಗ್ಗುತ್ತದೆ. ಆರೋಗ್ಯವಂತರ ದೇಹ ಅದನ್ನು ಸುಲಭವಾಗಿ ಅಡಗಿಸುತ್ತದೆ. ಒಬ್ಬರಿಂದ ಒಬ್ಬರಿಗೆ ಅದು ಹಬ್ಬಿದ ನಿದರ್ಶನಗಳು ಅಪರೂಪ. ಹಾಗಾಗಿ ಈ ಪ್ರತಿರೋಧ ಬಹುಪಾಲು ಅದು ಹುಟ್ಟಿದ ದೇಹದಲ್ಲೇ ಬೆಳೆಯುತ್ತದೆ, ಆ ದೇಹ ಚೇತರಿಸಿಕೊಂಡರೆ ಹಿಂದೆ ಸರಿಯುತ್ತದೆ, ಚೇತರಿಸಿಕೊಳ್ಳದಿದ್ದರೆ ಅದರೊಂದಿಗೇ ಮುಗಿಯುತ್ತದೆ. ಕೆರೆಗೆ ಏನೂ ಆಗುವುದಿಲ್ಲ.

ಅಂದಮೇಲೆ ನಮಗೆ ತಗುಲದ, ನಮ್ಮ ಮಕ್ಕಳಿಗೂ ತಗುಲದ, ಕೆಲವೇ ಜನರ ಮೈಯಲ್ಲಿ ಹುಟ್ಟಿ ಅಲ್ಲೇ ಮುಗಿಯುವ ಒಂದು ಸಂಕಟಕ್ಕೆ ಉಳಿದವರು ಏನು ಕೊಡಬೇಕು? ಕೊಡಬೇಕಾದರೂ ಯಾಕೆ?

1977ರಲ್ಲಿ ಎರಡು ಬರಹಗಳು ಹೊರಬಂದವು. ಒಂದು, ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಅಗತ್ಯ ಔಷಧಗಳ ಪಟ್ಟಿ. ಜನಸಮುದಾಯದ ಮುಖ್ಯ ಆರೋಗ್ಯ ಅಗತ್ಯಗಳನ್ನು ಪೂರೈಸುವ ಔಷಧಗಳು ಯಾವಾಗಲೂ, ಕೈಗೆಟುಕುವ ಬೆಲೆಯಲ್ಲಿ ಸಿಗಬೇಕು ಎಂಬುದು ಅದರ ಹಿಂದಿನ ಆಶಯ. ಬಡ ದೇಶಗಳಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಮುಂದೆ ಅಸೈಕ್ಲೋವಿರ್ ಆ ಪಟ್ಟಿ ಸೇರಿತು. ಅದು ಸೋತಾಗ ಬೇಕಾಗುವ ಫಾಸ್ಕಾರ್ನೆಟ್‌ಗೆ ಅಲ್ಲಿ ಜಾಗವಿಲ್ಲ. ಪಟ್ಟಿ ಮಾಡುವವರನ್ನು ದೂರಿ ಪ್ರಯೋಜನವಿಲ್ಲ. ಸಮುದಾಯದ ಅಗತ್ಯ ಎಂದು ಅಳೆಯಲು ಹೊರಟರೆ ತಲೆ ಎಣಿಸಲೇಬೇಕು, ಎಣಿಸಿದರೆ ಇವರು ಕೆಳಗೆ ಬರಲೇಬೇಕು.

ಎರಡನೆಯದು, ಜಾನ್ ಟಾರೆಕ್ ಎಂಬ ಅಮೆರಿಕದ ತತ್ವಜ್ಞಾನಿ ಬರೆದ ಪ್ರಬಂಧ. ಸಂಖ್ಯೆ ಲೆಕ್ಕಕ್ಕೆ ಬರಬೇಕೇ ಎಂಬುದೇ ಅದರ ಪ್ರಶ್ನೆ. ನಿಮ್ಮ ಬಳಿ ಸ್ವಲ್ಪ ಔಷಧವಿದೆ. ಒಬ್ಬರು ಉಳಿಯಲು ಅದಷ್ಟೂ ಬೇಕು. ಇನ್ನು ಐವರಿಗೆ ತಲಾ ಐದನೇ ಒಂದು ಭಾಗ ಸಾಕು. ಐವರನ್ನು ಉಳಿಸಿ ಎಂದು ನಾವೆಲ್ಲ ಥಟ್ಟನೆ ಹೇಳುತ್ತೇವೆ. ಟಾರೆಕ್ ಒಪ್ಪುವುದಿಲ್ಲ. ಐವರ ಸಾವನ್ನು ಕೂಡಿಸಿ ಅನುಭವಿಸುವ ಆರನೆಯವನೊಬ್ಬ ಇಲ್ಲ. ಪ್ರತಿಯೊಬ್ಬನೂ ಕಳೆದುಕೊಳ್ಳುವುದು ತನ್ನ ಒಂದು ಜೀವವನ್ನು. ಆ ಒಬ್ಬನೂ ಅಷ್ಟೇ ಕಳೆದುಕೊಳ್ಳುತ್ತಾನೆ. ಹಾಗಾಗಿ ತಾನಾದರೆ ನಾಣ್ಯ ಚಿಮ್ಮುತ್ತೇನೆ ಎನ್ನುತ್ತಾನೆ.

ಇದನ್ನು ನಾನು ಪೂರ್ತಿ ಒಪ್ಪಲಾರೆ. ಲಕ್ಷಾಂತರ ಮಕ್ಕಳ ಭೇದಿಗೆ ಬೇಕಾದ ಓಆರ್‌ಎಸ್ ಪೊಟ್ಟಣದ ಹಣವನ್ನು ನಾಣ್ಯ ಚಿಮ್ಮಿ ಹಂಚುವ ಸರ್ಕಾರವನ್ನು ಯಾರೂ ಬಯಸುವುದಿಲ್ಲ. ಆದರೆ ಟಾರೆಕ್ ಒಂದು ವಿಷಯವನ್ನು ಸರಿಯಾಗಿ ಹಿಡಿದಿದ್ದಾನೆ. ಸಂಖ್ಯೆ ಕಡಿಮೆ ಎಂಬುದು ಸರದಿಯಲ್ಲಿ ಹಿಂದೆ ನಿಲ್ಲಿಸಲು ಕಾರಣವಾಗಬಹುದು, ಸರದಿಯಿಂದಲೇ ಹೊರಗೆ ಕಳಿಸಲು ಕಾರಣವಾಗದು. ಪಟ್ಟಿಯಲ್ಲಿ ಜಾಗವಿಲ್ಲದವರ ಹಕ್ಕು ಅಲ್ಲಿಗೇ ತೀರಿಹೋಗುವುದಿಲ್ಲ. ಬೇರೆ ಯಾವುದೋ ಬಾಗಿಲಿನಲ್ಲಿ ಅದಕ್ಕೆ ಉತ್ತರ ಕೊಡಬೇಕು.

ಇಲ್ಲಿ ಸುಲಭದ ಉಪಾಯವೊಂದಿದೆ. 'ನಾಳೆ ನಿಮಗೂ ಹೀಗಾಗಬಹುದು' ಎನ್ನುವುದು. ಕ್ಯಾನ್ಸರ್ ಬರಬಹುದು, ಕಸಿ ಬೇಕಾಗಬಹುದು, ವಯಸ್ಸಂತೂ ಆಗೇ ಆಗುತ್ತದೆ. ಭಾಷಣಗಳಲ್ಲಿ ಈ ಮಾತು ಚೆನ್ನಾಗಿ ನಡೆಯುತ್ತದೆ. ನನಗೆ ಇದು ಬೇಡ. ಮೊದಲನೆಯದಾಗಿ, ನಮ್ಮಲ್ಲಿ ಬಹಳಷ್ಟು ಜನ ಔಷಧಕ್ಕೆ ಬಗ್ಗದ ಹರ್ಪೀಸ್ ಕಾಣದೆಯೇ ಬದುಕಿ ಸಾಯುತ್ತೇವೆ. ಇನ್ನೊಂದು, ಇದು ಪ್ಲೇಗಿನ ತರ್ಕವೇ. ಭಯವಿರುವಷ್ಟು ದಿನ ಕರುಣೆ ಇರುತ್ತದೆ. ಅಪಾಯ ನನ್ನದಲ್ಲ ಎಂದು ಖಾತ್ರಿಯಾದ ದಿನ ಕರುಣೆಗೂ ರಜೆ. ಬೇರೆಯವರ ನೋವು ನನ್ನ ನೋವಿನ ಮುನ್ಸೂಚನೆಯಾದರೆ ಮಾತ್ರ ಲೆಕ್ಕಕ್ಕೆ ಎಂದರೆ ಅದನ್ನು ನೀತಿ ಎಂದು ಕರೆಯುವುದು ಕಷ್ಟ.

ಹಾಗಾದರೆ ಬೇರೆ ಯಾವ ಆಧಾರವಿದೆ? ನನಗೆ ನೆರವಾದದ್ದು ಒಂದು ಪದ. ರೋಗನಿರೋಧಕ ಶಕ್ತಿ ಎಂದು ನಾವು ಕನ್ನಡದಲ್ಲಿ ಹೇಳುವಾಗ ಕಣ್ಣಿಗೆ ಬರುವುದು ಕೋಟೆ, ತಡೆಗೋಡೆ. ಇಂಗ್ಲಿಷಿನ ಇಮ್ಯುನಿಟಿಯ ಮೂಲ ಬೇರೆ. ಲ್ಯಾಟಿನ್ನಿನಲ್ಲಿ 'ಮೂನುಸ್' ಎಂದರೆ ಸಮುದಾಯದಲ್ಲಿ ಇರುವವನು ಸಲ್ಲಿಸಬೇಕಾದದ್ದು, ಅಂದರೆ ಕರ್ತವ್ಯ, ಸೇವೆ, ಕಾಣಿಕೆ. ಅದರಿಂದ ವಿನಾಯಿತಿ ಪಡೆದವನು 'ಇಮ್ಮೂನಿಸ್'. ಇಟಲಿಯ ತತ್ವಜ್ಞಾನಿ ರೊಬೆರ್ತೊ ಎಸ್ಪೊಸಿತೊ 1998ರಲ್ಲಿ 'ಕೊಮ್ಯುನಿತಾಸ್', 2002ರಲ್ಲಿ 'ಇಮ್ಯುನಿತಾಸ್' ಎಂಬ ಪುಸ್ತಕಗಳನ್ನು ಈ ಪದದ ಸುತ್ತಲೇ ಕಟ್ಟಿದರು. ಸಮುದಾಯ ಎಂದರೆ ಒಂದೇ ರಕ್ತ, ಒಂದೇ ನೆಲ ಹಂಚಿಕೊಂಡವರಲ್ಲ, ಒಂದು ಬಾಕಿಯನ್ನು ಹಂಚಿಕೊಂಡವರು ಎಂಬುದು ಅವರ ವಾದದ ಸಾರ.

ಇದನ್ನು ಓದುವಾಗ ನನಗೆ ಹೊಳೆದ ಕನ್ನಡ ಪದ ಋಣ. ಅನ್ನದ ಋಣ, ನೀರಿನ ಋಣ, ಹೆತ್ತವರ ಋಣ ಎನ್ನುತ್ತೇವೆ. ಸಾಲ ಪತ್ರವಿಲ್ಲದ, ಯಾರೂ ವಸೂಲಿಗೆ ಬರದ, ಆದರೂ ಇದೆ ಎಂದು ಒಪ್ಪಿಕೊಳ್ಳುವ ಬಾಕಿ ಅದು. ಆ ಲೆಕ್ಕದಲ್ಲಿ ಇಮ್ಯೂನ್ ಆದವನು ಋಣಮುಕ್ತ. ಆರೋಗ್ಯವಂತರು ತಮ್ಮನ್ನು ಹಾಗೆಯೇ ಭಾವಿಸಿಕೊಂಡಿರುತ್ತಾರೆ.

ಆದರೆ ಔಷಧದ ಲೆಕ್ಕಕ್ಕೆ ಮತ್ತೆ ಬನ್ನಿ. ಅರ್ಧ ಮಾತ್ರೆಯದು, ಅರ್ಧ ದೇಹದ್ದು. ಆ ದೇಹದ ಅರ್ಧವನ್ನು ನಾನು ದುಡಿದು ತಂದದ್ದಲ್ಲ. ನನ್ನ ಟಿ-ಕೋಶಗಳಿಗೆ ನಾನು ಪಾಠ ಹೇಳಿಕೊಟ್ಟಿಲ್ಲ. ವೈರಸ್ ನನ್ನೊಳಗೂ ಇದೆ, ಅಂಕಲ್ ಒಳಗೂ ಇದೆ. ಈ ರೋಗ ಅವರಿಂದ ನನಗೆ ಹರಡುತ್ತದೆ ಎಂದು ಹೆದರಬೇಕಾಗಿಲ್ಲ. ವೈರಸ್ ಆಗಲೇ ನನ್ನ ಮೈಯಲ್ಲಿದೆ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಇಷ್ಟೇ: ನನಗೆ ಪುಕ್ಕಟೆ ಸಿಕ್ಕಿರುವ ಅರ್ಧ ಅವರಿಗೆ ಸಿಕ್ಕಿಲ್ಲ.

ಅದೂ ಅವರು ಅದನ್ನು ಬಿಟ್ಟುಕೊಟ್ಟದ್ದು ಏತಕ್ಕೆ? ಇನ್ನೊಬ್ಬರ ಅಂಗವನ್ನು ತನ್ನದಾಗಿ ಇಟ್ಟುಕೊಳ್ಳಲಿಕ್ಕೆ. "ಅಕ್ಕ ಕೊಟ್ಟಿದ್ದು ಹೊರಗಿಂದು ಅಂತ ನನ್ನ ಮೈಗೆ ಗೊತ್ತಾಗ್ಬಾರ್ದು, ಅದಕ್ಕೇ ದಿನಾ ಮಾತ್ರೆ" ಎಂದು ಅಂಕಲ್ ಒಮ್ಮೆ ನಗುತ್ತಾ ಹೇಳಿದರು. ಕಸಿಯ ಆರಂಭದ ದಶಕಗಳಲ್ಲಿ ಆ ಕೆಲಸ ಮಾಡುತ್ತಿದ್ದ ಅಜಥಯೋಪ್ರಿನ್ ಎಂಬ ಔಷಧ ಕೂಡ ಎಲಿಯನ್ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಹಿಚಿಂಗ್ಸ್ ಅವರದೇ. ಕಾವಲನ್ನು ತಗ್ಗಿಸಿ ಇನ್ನೊಬ್ಬರ ಅಂಗಕ್ಕೆ ಜಾಗ ಮಾಡಿಕೊಡುವ ಔಷಧ, ಕಾವಲು ತಗ್ಗಿದಾಗ ಏಳುವ ವೈರಸ್‌ಗೆ ಔಷಧ, ಎರಡರ ಹಿಂದೆಯೂ ಒಬ್ಬಳೇ ಹೆಣ್ಣುಮಗಳ ದುಡಿಮೆ ಇದೆ. ಒಂದನ್ನು ಕೊಟ್ಟವರು ಇನ್ನೊಂದನ್ನೂ ಹುಡುಕಬೇಕಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ನಾವು ಸಮಾಜವಾಗಿ ಮೊದಲನೆಯದನ್ನು ಕೊಂಡಾಡುತ್ತೇವೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತಕ್ಕೆ ಸಿಕ್ಕಾಗ ಅವರ ಕುಟುಂಬ ಅಂಗಾಂಗ ದಾನ ಮಾಡಿತು. ನಾಡೆಲ್ಲ ಕಣ್ಣೀರಿನಲ್ಲೇ ಕೈಮುಗಿಯಿತು. ಕರ್ನಾಟಕದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ವ್ಯವಸ್ಥೆಗೆ 'ಜೀವಸಾರ್ಥಕತೆ' ಎಂಬ ಹೆಸರಿದೆ. ಕೊಟ್ಟವರನ್ನು ನೆನೆಯುವುದು ಸರಿಯೇ. ಆದರೆ ಇಂಥ ಯಾವ ದಾನವೂ ಶಸ್ತ್ರಚಿಕಿತ್ಸೆಯ ದಿನಕ್ಕೆ ಮುಗಿಯುವುದಿಲ್ಲ. ಪಡೆದವರು ಆಮೇಲೆ ವರ್ಷಾನುಗಟ್ಟಲೆ ಕಾವಲು ತಗ್ಗಿಸಿಕೊಂಡು ಬದುಕಬೇಕು. ಆ ವರ್ಷಗಳಲ್ಲಿ ಅವರ ಔಷಧ ಸೋತರೆ ಅದು ಅವರ ಖಾಸಗಿ ದುರದೃಷ್ಟ ಎಂದು ಬಿಟ್ಟುಬಿಟ್ಟರೆ, ದಾನವನ್ನು ಮೆಚ್ಚಿದ್ದಕ್ಕೆ ಏನರ್ಥ? ಆಂಟಿಯ ಪ್ರಶ್ನೆಯನ್ನೇ ಊರಿಗೆ ಕೇಳಿದಂತಾಗುತ್ತದೆ.

ಋಣ ಎಂದಮೇಲೆ ಅದನ್ನು ತೀರಿಸುವ ಬಗೆಯೂ ಇರಬೇಕು. ದೊಡ್ಡ ಮಾತು ಬೇಡ. ಇಲ್ಲಿಂದ ಹೆಚ್ಚು ದೂರವಿಲ್ಲದ ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆ ಇದೆ. 1948ರ ಕಾಯ್ದೆಯಿಂದ ಹುಟ್ಟಿದ ಆ ವ್ಯವಸ್ಥೆಯಲ್ಲಿ, 2019ರಿಂದ ಇರುವ ದರದಂತೆ, ಕಾರ್ಮಿಕರ ಸಂಬಳದ 0.75 ಶೇಕಡಾ ಅವರಿಂದ, 3.25 ಶೇಕಡಾ ಮಾಲೀಕರಿಂದ ಜಮೆಯಾಗುತ್ತದೆ. 20,000 ರೂಪಾಯಿ ಸಂಬಳದವರ ಪಾಲು ತಿಂಗಳಿಗೆ 150 ರೂಪಾಯಿ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕೆಲಸಗಾರ್ತಿಯ 150 ರೂಪಾಯಿ ಯಾರ ಯಾವ ರೋಗಕ್ಕೆ ಹೋಯಿತು ಎಂದು ಆಕೆಗೆ ಗೊತ್ತಾಗುವುದಿಲ್ಲ. ಹೋಗಲಿ ಎಂದು ಬಿಟ್ಟಿರುತ್ತಾಳೆ. ಕೂಡಿಟ್ಟ ಹಣವಿರುವುದೇ ಪಟ್ಟಿಯ ಕೊನೆಯಲ್ಲಿರುವ ಆ ಒಬ್ಬರಿಗಾಗಿ. ಎರಡನೇ ಸಾಲಿನ ಔಷಧವನ್ನೂ ಪ್ರತಿರೋಧದ ಪರೀಕ್ಷೆಯನ್ನೂ ಪ್ರತಿ ಕುಟುಂಬ ಒಡವೆ ಅಡವಿಟ್ಟು ಹೊಂದಿಸಬೇಕಿಲ್ಲ. ರಾಜ್ಯಕ್ಕೆ ಒಂದೆರಡು ಕಡೆಯಾದರೂ ಒಟ್ಟಾಗಿ ಕೊಂಡು ಇಡಬಹುದು. ಬೇಕಾಗುವವರು ಕಡಿಮೆ ಎಂಬುದೇ ಇಲ್ಲಿ ಅನುಕೂಲ. ಹಂಚಿಕೊಂಡರೆ ಭಾರ ಸಣ್ಣದು.

ಇನ್ನೂ ಹತ್ತಿರದ ಒಂದು ಸಂಗತಿ ಇದೆ. ಸೀತಾಳೆ ಸಿಡುಬಿನ ಲಸಿಕೆಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ನಿರೋಧಕ ಶಕ್ತಿ ತಗ್ಗಿಸಿಕೊಂಡವರಿಗೆ ಅದನ್ನು ಹಾಕುವಂತಿಲ್ಲ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲೂ ಅದಿಲ್ಲ. ಅಂದರೆ ಅವರ ರಕ್ಷಣೆ ಬಹುಮಟ್ಟಿಗೆ ಅಕ್ಕಪಕ್ಕದವರ ಕೈಯಲ್ಲಿದೆ: ಮೇಲಿನ ಮನೆಯ ಮಗುವಿಗೆ ಲಸಿಕೆ ಹಾಕಿಸಿದ್ದಾರೆಯೇ, 'ಅಮ್ಮ' ಆದ ಮನೆಯವರು ಕೆಳಗಿನ ಮನೆಗೆ ಒಂದು ಮಾತು ತಿಳಿಸಿದರೇ ಎಂಬುದರಲ್ಲಿ. ಪ್ರತಿರೋಧ ಹುಟ್ಟುವುದು ಔಷಧ ಒಂಟಿಯಾಗಿ ಬಹಳ ದಿನ ಹೋರಾಡುವಾಗ. ಸೋಂಕೇ ಒಳಬರದಿದ್ದರೆ ಆ ಹೋರಾಟವೂ ಇಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಆಕ್ಷೇಪ ಉಳಿಯುತ್ತದೆ. ಪುಕ್ಕಟೆ ಸಿಕ್ಕದ್ದಕ್ಕೆಲ್ಲ ಬಾಕಿ ಎಂದು ಹೊರಟರೆ ಋಣಕ್ಕೆ ಕೊನೆ ಎಲ್ಲಿ? ಕಣ್ಣು, ಕಾಲು, ನಿದ್ದೆ, ಎಲ್ಲವೂ ಪುಕ್ಕಟೆಯೇ. ಇದಕ್ಕೆ ನನ್ನ ಬಳಿ ಗೆರೆ ಎಳೆದು ತೋರಿಸುವ ಉತ್ತರವಿಲ್ಲ. ಆದರೆ ಕೊನೆ ಕಾಣದ ಬಾಕಿ ಇದೆ ಎಂಬುದು ಮೊದಲ ಕಂತನ್ನೂ ಕಟ್ಟದಿರಲು ಕಾರಣವಲ್ಲ ಎಂಬಷ್ಟು ನನಗೆ ಖಚಿತ. ಋಣ ಪೂರ್ತಿ ತೀರುತ್ತದೆ ಎಂದು ನಮ್ಮ ಹಿರಿಯರೂ ನಂಬಿದ್ದಂತೆ ಕಾಣುವುದಿಲ್ಲ. ಆದರೂ ಅವರು ಲೆಕ್ಕ ಇಟ್ಟಿದ್ದರು.

ನಿಮ್ಮ ತುಟಿಯ ಮೇಲೆ ಮುಂದೆಂದಾದರೂ ಹುಣ್ಣು ಎದ್ದು, ಐದಾರು ದಿನಕ್ಕೆ ತಾನಾಗಿ ಮಾಯಿದರೆ, ಆ ಕೆಲಸ ಮಾಡಿದ್ದು ಯಾರು ಎಂದು ಒಂದು ಕ್ಷಣ ಯೋಚಿಸಿ ನೋಡಿ. ಅದೇ ಹುಣ್ಣು ತಿಂಗಳುಗಟ್ಟಲೆ ಮಾಯದೆ ಕೂತವರು ಇದೇ ಊರಿನಲ್ಲಿದ್ದಾರೆ. ಅವರದು ನಮಗೆ ಹರಡುವುದಿಲ್ಲ. ಹರಡದಿದ್ದರೂ ಅದು ನಮಗೆ ಸಂಬಂಧಿಸಿದ್ದು.